‘ಕಜ್ಜಿ ನಾಯಿ’ ಅಂತ ಬೀದಿಗೆ ಬಿಡಬೇಡಿ, ಒಮ್ಮೆ ಚರ್ಮ ಕೆರೆಸಿ ನೋಡಿ

ಸಂಪಾದಕರಿಗೆ ನಮಸ್ಕಾರ.

ಎರಡು ತಿಂಗಳ ಹಿಂದೆ ಒಂದು ಸಂಜೆ, ಜೋರು ಮಳೆ. ಸಾಗರದಲ್ಲಿ ನಮ್ಮ ಬಡಾವಣೆಯ ಬಸ್ ತಂಗುದಾಣದ ಬೆಂಚಿನ ಕೆಳಗೆ ಒಂದು ಲ್ಯಾಬ್ರಡಾರ್ ಹೆಣ್ಣು ನಾಯಿ ಮುದುರಿಕೊಂಡು ಮಲಗಿತ್ತು. ಕೊರಳಲ್ಲಿ ಕೆಂಪು ಬೆಲ್ಟ್ ಇತ್ತು. ಅಂದರೆ ಯಾರದ್ದೋ ಮನೆಯಲ್ಲಿ ಬೆಳೆದದ್ದು. ಕಿವಿಯ ಅಂಚಿನಲ್ಲಿ ಹಕ್ಕಳೆ, ಮೊಣಕೈ ಹತ್ತಿರ ಕೂದಲೇ ಇಲ್ಲ, ಹೊಟ್ಟೆಯೆಲ್ಲ ಕೆಂಪು. ಒಂದು ನಿಮಿಷ ಸುಮ್ಮನೆ ಇರಲಾರದೆ ಕೆರೆದುಕೊಳ್ಳುತ್ತಿತ್ತು. ಬಸ್ಸಿಗೆ ಕಾಯುತ್ತಿದ್ದವರು ಮಕ್ಕಳನ್ನು ಎಳೆದುಕೊಂಡು ‘ಕಜ್ಜಿ ನಾಯಿ, ಹತ್ತಿರ ಹೋಗಬೇಡ’ ಅಂದರು. ಅವರ ತಪ್ಪಿಲ್ಲ, ಮಕ್ಕಳ ಮೇಲಿನ ಕಾಳಜಿ. ಆದರೆ ಆ ನಾಯಿಯನ್ನು ಅಲ್ಲಿ ತಂದು ಬಿಟ್ಟವರಿಗೂ ಆ ಎರಡೇ ಮಾತು ಸಾಕಾಗಿತ್ತು ಅನ್ನಿಸಿ ನನಗೆ ಹೊಟ್ಟೆ ಉರಿಯಿತು. ಈ ಪತ್ರ ಅದಕ್ಕೇ.

ನಮ್ಮ ಮನೆಯಲ್ಲೂ ಒಬ್ಬ ಇದ್ದಾನೆ, ಗುಂಡ. ಅವನೂ ಲ್ಯಾಬ್ರಡಾರೇ, ಗೋಧಿ ಬಣ್ಣ, ಈಗ ಐದು ವರ್ಷ. ಒಂದೂವರೆ ವರ್ಷದವನಿದ್ದಾಗ ಮಳೆಗಾಲ ಶುರುವಾಗುತ್ತಿದ್ದ ಹಾಗೆ ಮುಂಗಾಲು ನೆಕ್ಕಲು ಹಿಡಿದ. ನೆಕ್ಕಿ ನೆಕ್ಕಿ ಬೆರಳ ಸಂದಿಯ ಕೂದಲು ತುಕ್ಕಿನ ಬಣ್ಣಕ್ಕೆ ತಿರುಗಿತು. ಹೊತ್ತು ಹೋಗದೆ ನೆಕ್ಕುತ್ತಾನೆ ಅಂದುಕೊಂಡೆವು. ಆಮೇಲೆ ಕಂಕುಳು, ಹೊಟ್ಟೆ, ಕಿವಿ. ಕಿವಿಯಿಂದ ಹುಳಿ ವಾಸನೆ. ರಾತ್ರಿ ಕೆರೆದುಕೊಳ್ಳುವಾಗ ಹಿಂಗಾಲು ನೆಲಕ್ಕೆ ಬಡಿಯುವ ಶಬ್ದ, ಟಪ್ ಟಪ್ ಟಪ್, ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ನಾವು ದೀಪ ಹಾಕಿದರೆ ಒಂದು ಕ್ಷಣ ನಿಲ್ಲಿಸಿ ನಮ್ಮ ಮುಖ ನೋಡುತ್ತಿದ್ದ.

ಸಲಹೆಗಳಿಗೇನು ಕಮ್ಮಿ ಇಲ್ಲ. ಬೇವಿನ ಸೊಪ್ಪಿನ ನೀರು, ಅರಿಶಿನ ಕಲಸಿದ ಕೊಬ್ಬರಿ ಎಣ್ಣೆ, ಗಂಧಕದ ಪುಡಿ. ಒಬ್ಬರು ಗ್ಯಾರೇಜಿನ ಸುಟ್ಟ ಆಯಿಲ್ ಬಳಿಯಲು ಹೇಳಿದರು. ಇನ್ನೊಬ್ಬರು ನೆಲ ಒರೆಸುವ ಫಿನಾಯಿಲ್ ನೀರಿಗೆ ಹಾಕಿ ಮೀಯಿಸಿ ಅಂದರು. ಮತ್ತೊಬ್ಬರು ಅಡಿಕೆಗೆ ಹೊಡೆಯಲು ತಂದಿಟ್ಟ ಮೈಲುತುತ್ತ ಸ್ವಲ್ಪ ಹಚ್ಚಿ, ಒಣಗಿಬಿಡುತ್ತದೆ ಅಂದರು. ಹೇಳಿದವರೆಲ್ಲ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ದಯವಿಟ್ಟು ಯಾರೂ ಇವನ್ನು ಮಾಡಬೇಡಿ. ನಾಯಿ ತನ್ನ ಮೈಗೆ ಹಚ್ಚಿದ್ದನ್ನೆಲ್ಲ ನೆಕ್ಕುತ್ತದೆ, ಅಲ್ವಾ? ಹಚ್ಚಿದ್ದು ಹೊಟ್ಟೆಗೇ ಹೋಗುತ್ತದೆ. ಫಿನಾಯಿಲ್ ಚರ್ಮವನ್ನು ಸುಡುತ್ತದೆ, ಚರ್ಮದ ಮೂಲಕ ಒಳಗೂ ಇಳಿಯುತ್ತದೆ. ಮೈಲುತುತ್ತ ಹೊಟ್ಟೆಗೆ ಹೋದರೆ ವಿಷ. ನಮಗೆ ಪರಿಚಯದ ಒಂದು ಮನೆಯಲ್ಲಿ ಉಣುಗು ಸಾಯಲಿ ಅಂತ ತೋಟಕ್ಕೆ ಹೊಡೆಯುವ ಕೀಟನಾಶಕವನ್ನೇ ನಾಯಿಗೆ ಸವರಿದರು. ಸಂಜೆ ಸವರಿದ್ದು. ರಾತ್ರಿ ಬಾಯಲ್ಲಿ ನೊರೆ, ಮೈಯೆಲ್ಲ ನಡುಕ, ಬೆಳಗಾಗುವಷ್ಟರಲ್ಲಿ ನಾಯಿ ಇರಲಿಲ್ಲ.

ನಾವು ಮಾಡಿದ್ದು ಬೇವಿನ ನೀರು ಮತ್ತು ನಮ್ಮದೇ ಸೋಪು, ಮೂರು ದಿನಕ್ಕೊಮ್ಮೆ. ಜಾಸ್ತಿ ತೊಳೆದರೆ ಜಾಸ್ತಿ ಸ್ವಚ್ಛ ಅಂತ ನಂಬಿಕೆ. ತುರಿಕೆ ಇನ್ನೂ ಹೆಚ್ಚಾಯಿತು. ನಮ್ಮ ಚರ್ಮ ಸ್ವಲ್ಪ ಆಮ್ಲೀಯ, ನಾಯಿಯದ್ದು ಅಷ್ಟಿಲ್ಲ. ನಮ್ಮದಕ್ಕಿಂತ ತೆಳು ಬೇರೆ. ಮನುಷ್ಯರ ಸೋಪು ಅದರ ಮೇಲಿನ ಜಿಡ್ಡನ್ನು ಎಳೆದು ಒಣಗಿಸಿ ಬಿಡುತ್ತದೆ. ಇದು ನಮಗೆ ಗೊತ್ತಾಗಿದ್ದು ಬಹಳ ತಡವಾಗಿ.

ಆಮೇಲೆ ಇಂಜೆಕ್ಷನ್ ಶುರುವಾಯಿತು. ಈ ಭಾಗ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ನಾಯಿ ಸಾಕಿದ ಎಷ್ಟೋ ಜನ ಇದೇ ಸುಳಿಯಲ್ಲಿ ಸಿಕ್ಕಿಕೊಂಡಿದ್ದಾರೆ. ಒಬ್ಬ ವೈದ್ಯರು ಒಂದು ಸೂಜಿ ಚುಚ್ಚಿದರು, ಮಾರನೇ ದಿನವೇ ಗುಂಡ ನೆಕ್ಕುವುದು ನಿಲ್ಲಿಸಿದ, ನಾವು ದೇವರಿಗೆ ಕಾಯಿ ಒಡೆಸಿದೆವು. ಮೂರು ವಾರ ಕಳೆಯಿತು, ಮತ್ತೆ ಅದೇ ಕಥೆ. ಮತ್ತೆ ಸೂಜಿ. ಒಂದು ವರ್ಷದಲ್ಲಿ ಆರು ಸಲ ಆಯಿತು. ಅಷ್ಟರಲ್ಲಿ ಅವನು ದಿನಕ್ಕೆ ಅರ್ಧ ಬಕೆಟ್ ನೀರು ಕುಡಿಯುತ್ತಿದ್ದ, ಎಂದೂ ಇಲ್ಲದವನು ಒಳಗೇ ಉಚ್ಚೆ ಮಾಡುತ್ತಿದ್ದ, ಎಷ್ಟು ತಿಂದರೂ ಹಸಿವು, ಹೊಟ್ಟೆ ಜೋತು ಬಿದ್ದಿತ್ತು. ಅದು ಸ್ಟೀರಾಯ್ಡ್ ಎಂದು ನಮಗೆ ಯಾರೂ ಹೇಳಿರಲಿಲ್ಲ. ಚೀಟಿಯಲ್ಲೂ ಬರೆದಿರಲಿಲ್ಲ, ಬರೀ ‘ಅಲರ್ಜಿ ಇಂಜೆಕ್ಷನ್’ ಅಂತಿತ್ತು. ಸ್ಟೀರಾಯ್ಡ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನಾಯಿ ತನ್ನ ಮೈಯನ್ನೇ ಕಚ್ಚಿ ಗಾಯ ಮಾಡಿಕೊಳ್ಳುವಾಗ ಕೆಲವು ದಿನಗಳ ಮಟ್ಟಿಗೆ ಅದು ಬೇಕೇ ಬೇಕು, ಕೊಟ್ಟದ್ದನ್ನು ನಾವಾಗಿ ಏಕಾಏಕಿ ನಿಲ್ಲಿಸುವುದೂ ಅಪಾಯ. ಆದರೆ ತುರಿ ಯಾಕೆ ಬರುತ್ತಿದೆ ಎಂದು ನೋಡದೆ ತಿಂಗಳು ತಿಂಗಳು ಅದನ್ನೇ ಚುಚ್ಚುತ್ತಾ ಹೋದರೆ ಸಕ್ಕರೆ ಕಾಯಿಲೆ ಬರಬಹುದು, ಸೋಂಕು ಒಳಗೊಳಗೇ ಬೆಳೆಯಬಹುದು.

ವೈದ್ಯರನ್ನು ದೂರಲು ನನಗೆ ಮನಸ್ಸಿಲ್ಲ. ನಮ್ಮ ಕಡೆ ಒಬ್ಬರೇ ಪಶುವೈದ್ಯರು ಎಷ್ಟೋ ಹಳ್ಳಿಗಳ ದನ, ಎಮ್ಮೆ, ಕುರಿ ನೋಡಬೇಕು. ಕಾಲುಬಾಯಿ ಜ್ವರದ ಲಸಿಕೆ, ನಡುರಾತ್ರಿ ಕರು ಅಡ್ಡ ಸಿಕ್ಕಿಕೊಂಡ ಫೋನು. ಅವರಿಗೆ ಒಂದು ನಾಯಿಯ ತುರಿಕೆಗೆ ಮುಕ್ಕಾಲು ಗಂಟೆ ಎಲ್ಲಿಂದ ಬರಬೇಕು? ಆದರೆ ಈ ಕಾಯಿಲೆ ಕೇಳುವುದೇ ಆ ಮುಕ್ಕಾಲು ಗಂಟೆಯನ್ನು.

ನಮಗೆ ಅದು ಸಿಕ್ಕಿದ್ದು ಶಿವಮೊಗ್ಗದ ಒಬ್ಬ ವೈದ್ಯೆಯ ಹತ್ತಿರ. ಅವರು ಮೊದಲು ನಾಯಿಯನ್ನು ಮುಟ್ಟಲೇ ಇಲ್ಲ, ನಮ್ಮನ್ನು ಕೇಳಿದರು. ಮೊದಲ ಸಲ ಯಾವ ವಯಸ್ಸಿಗೆ ಶುರುವಾಯಿತು? ಬೇಸಿಗೆಯಲ್ಲೂ ಇದೆಯಾ, ಮಳೆಗಾಲಕ್ಕೆ ಮಾತ್ರವಾ? ಎಲ್ಲಿ ಮಲಗುತ್ತಾನೆ? ಏನು ತಿನ್ನುತ್ತಾನೆ, ನೀವು ಹಾಕುವುದಲ್ಲದೆ ಯಾರ್ಯಾರು ಏನೇನು ಹಾಕುತ್ತಾರೆ? ಮನೆಯಲ್ಲಿ ಬೆಕ್ಕು ಇದೆಯಾ? ಮನೆಯವರಿಗೆ ಯಾರಿಗಾದರೂ ತುರಿಕೆ ಇದೆಯಾ? ಎಲ್ಲ ಬರೆದುಕೊಂಡು, ಬ್ಲೇಡಿನಿಂದ ಚರ್ಮವನ್ನು ಸಣ್ಣಗೆ ರಕ್ತ ಜಿನುಗುವವರೆಗೆ ಕೆರೆದು ಗಾಜಿನ ಪಟ್ಟಿಗೆ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕಂಕುಳಿಗೆ ಪಾರದರ್ಶಕ ಟೇಪು ಅಂಟಿಸಿ ತೆಗೆದರು. ಕಿವಿಯಿಂದ ಹತ್ತಿಯಲ್ಲಿ ಕೊಳೆ ತೆಗೆದರು. ಗುಂಡನಿಗೆ ಕಜ್ಜಿ ತರುವ ನುಸಿ ಇರಲಿಲ್ಲ. ಬ್ಯಾಕ್ಟೀರಿಯಾ ಮತ್ತು ಯೀಸ್ಟ್ ತುಂಬಿಕೊಂಡಿದ್ದವು. ‘ಇವೆರಡೂ ಆಮೇಲೆ ಬಂದವು. ಮೊದಲು ಇವಕ್ಕೆ ಔಷಧ ಕೊಡೋಣ, ಇಲ್ಲದಿದ್ದರೆ ತುರಿ ಇಳಿಯುವುದಿಲ್ಲ. ಆದರೆ ಇವು ಬರಲು ದಾರಿ ಮಾಡಿದ್ದು ಯಾವುದು ಅಂತ ಹುಡುಕಲೇಬೇಕು’ ಅಂದರು. ಹುಡುಕುವ ಕ್ರಮವನ್ನೂ ಹೇಳಿದರು: ಮೊದಲು ಚಿಗಟ, ಆಮೇಲೆ ಊಟ, ಕೊನೆಗೆ ಗಾಳಿ ಧೂಳು. ಈ ಸಾಲು ತಪ್ಪಿಸಬೇಡಿ ಎಂದರು.

ನಮ್ಮ ನಾಯಿಗೆ ಚಿಗಟ ಇಲ್ಲ ಡಾಕ್ಟ್ರೇ, ಅಂತ ನಾನು ಖಡಾಖಂಡಿತ ಹೇಳಿದೆ. ಅವರು ಬಾಲದ ಬುಡದಲ್ಲಿ ಸಣ್ಣ ಹಲ್ಲಿನ ಬಾಚಣಿಗೆ ಆಡಿಸಿದರು. ಕರಿ ಪುಡಿ ಉದುರಿತು. ಒದ್ದೆ ಹತ್ತಿಯ ಮೇಲೆ ಹಾಕಿದರೆ ಅದರ ಸುತ್ತ ಕೆಂಪಾಯಿತು. ಮಣ್ಣಾಗಿದ್ದರೆ ಕೆಂಪಾಗುವುದಿಲ್ಲ, ಅದು ಚಿಗಟದ ಹಿಕ್ಕೆ, ಒಳಗಿರುವುದು ನಾಯಿಯದೇ ರಕ್ತ. ಇದನ್ನು ಯಾರು ಬೇಕಾದರೂ ಮನೆಯಲ್ಲಿ ಮಾಡಿ ನೋಡಬಹುದು. ಚಿಗಟದ ಎಂಜಲಿಗೆ ಅಲರ್ಜಿ ಇರುವ ನಾಯಿಗೆ ಒಂದೆರಡು ಕಡಿತ ಸಾಕು, ದಿನಗಟ್ಟಲೆ ಕೆರೆಯುತ್ತದೆ. ಸೊಂಟ, ಬಾಲದ ಬುಡ, ಹಿಂದೊಡೆಯಲ್ಲೇ ಜಾಸ್ತಿ ಕೆರೆದರೆ ಮೊದಲ ಅನುಮಾನ ಚಿಗಟದ ಮೇಲೆ ಇರಬೇಕು. ಮತ್ತೆ ಚಿಗಟ ಬೇರೆ, ಉಣುಗು ಬೇರೆ. ನಮ್ಮ ಮಲೆನಾಡಿನಲ್ಲಿ ಕಾಡಿಗೆ ಹೋಗಿಬಂದ ನಾಯಿಯ ಮೈಯಿಂದ ಉಣುಗು ಕಿತ್ತು ಹಾಕಿ, ಸ್ವಚ್ಛವಾಯಿತು ಅಂತ ಸಮಾಧಾನ ಮಾಡಿಕೊಳ್ಳುತ್ತೇವೆ. ಚಿಗಟ ಕೈಗೆ ಸಿಗುವುದಿಲ್ಲ, ಹಾರುತ್ತದೆ. ನಾಯಿಯ ಮೇಲೆ ಇರುವುದು ನೂರರಲ್ಲಿ ಐದರಷ್ಟು ಮಾತ್ರ, ಉಳಿದದ್ದು ಮೊಟ್ಟೆ, ಮರಿಹುಳ, ಗೂಡು ಆಗಿ ಚಾಪೆ, ಗೋಣಿಚೀಲ, ನೆಲದ ಬಿರುಕಿನಲ್ಲಿ ಇರುತ್ತದೆ. ಗೂಡಿನೊಳಗೆ ತಿಂಗಳುಗಟ್ಟಲೆ ಕಾಯುತ್ತದೆ.

ಗುಂಡ ಮಲಗುತ್ತಿದ್ದದ್ದು ಸೌದೆ ಕೊಟ್ಟಿಗೆಯಲ್ಲಿ, ಗೋಣಿಚೀಲದ ಮೇಲೆ, ಪಕ್ಕದ ಮನೆ ಬೆಕ್ಕಿನ ಜೊತೆ. ಗೋಣಿ ಸುಟ್ಟೆವು. ಹತ್ತಿ ಬಟ್ಟೆಯ ಹಾಸಿಗೆ ಮಾಡಿ ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆಯುತ್ತೇವೆ. ಚಿಗಟಕ್ಕೆ ಈಗ ಬಾಯಿಗೆ ಕೊಡುವ ಮಾತ್ರೆಗಳಿವೆ, ಅಫಾಕ್ಸೊಲೇನರ್ ತಿಂಗಳಿಗೊಮ್ಮೆ, ಫ್ಲುರಲೇನರ್ ಸುಮಾರು 12 ವಾರಕ್ಕೊಮ್ಮೆ. ನಾಯಿಯ ತೂಕ ನೋಡಿ ವೈದ್ಯರೇ ಬರೆಯಬೇಕು, ಫಿಟ್ಸ್ ಬರುವ ನಾಯಿಯಾದರೆ ಅದನ್ನು ಮೊದಲೇ ಹೇಳಬೇಕು. ಮನೆಯ ಎಲ್ಲ ನಾಯಿ ಬೆಕ್ಕಿಗೂ, ಕಡಿಮೆ ಎಂದರೆ ಮೂರು ತಿಂಗಳು ಚಿಕಿತ್ಸೆ ಆಗಬೇಕು. ಬೆಕ್ಕಿಗೆ ಬೆಕ್ಕಿನದ್ದೇ ಔಷಧ ಕೊಡಿ. ನಾಯಿಗೆ ಹಚ್ಚುವ ಪರ್ಮೆಥ್ರಿನ್ ಬೆಕ್ಕಿಗೆ ತಗುಲಿದರೆ ಪ್ರಾಣವೇ ಹೋಗಬಹುದು.

ಬಾಲದ ಹತ್ತಿರ ಕೂದಲು ಬಂತು. ಕಾಲು ನೆಕ್ಕುವುದು ನಿಲ್ಲಲಿಲ್ಲ. ಹಾಗಾಗಿ ಊಟದ ಸರದಿ.

ಇಲ್ಲಿ ಒಂದು ಮಾತು. ಯಾರನ್ನು ಕೇಳಿದರೂ ‘ಕೋಳಿ ನಿಲ್ಲಿಸಿ, ಕೋಳಿ ಉಷ್ಣ’ ಅನ್ನುತ್ತಾರೆ. ಉಷ್ಣಕ್ಕೂ ಇದಕ್ಕೂ ಸಂಬಂಧವಿಲ್ಲ. ಕೆಲವು ನಾಯಿಗಳ ಮೈಗೆ ಒಂದು ನಿರ್ದಿಷ್ಟ ಪ್ರೊಟೀನು ಆಗುವುದಿಲ್ಲ. ಅದು ಕೋಳಿ ಇರಬಹುದು, ದನದ ಮಾಂಸ, ಮೊಟ್ಟೆ ಇರಬಹುದು, ಹಾಲು ಮೊಸರು ಇರಬಹುದು, ಚಪಾತಿಯ ಗೋಧಿಯೂ ಇರಬಹುದು. ವರ್ಷಗಟ್ಟಲೆ ತಿಂದು ಅಭ್ಯಾಸವಾದ ಊಟಕ್ಕೇ ಅಲರ್ಜಿ ಶುರುವಾಗಬಹುದು. ಆದ್ದರಿಂದ ನಮ್ಮದು ಸಸ್ಯಾಹಾರಿ ಮನೆ, ಮೊಸರನ್ನ ಬಿಟ್ಟು ಬೇರೆ ಹಾಕುವುದಿಲ್ಲ ಅನ್ನುವವರೂ ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ರಕ್ತ, ಕೂದಲು, ಎಂಜಲು ಪರೀಕ್ಷೆ ಮಾಡಿ ಊಟದ ಅಲರ್ಜಿ ಹೇಳುತ್ತೇವೆ ಎನ್ನುವವರಿಗೆ ದುಡ್ಡು ಕೊಡಬೇಡಿ, ಆ ಫಲಿತಾಂಶ ನಂಬಲು ಬರುವುದಿಲ್ಲ. ಇರುವುದು ಒಂದೇ ದಾರಿ. ನಾಯಿ ಹುಟ್ಟಿದಾಗಿನಿಂದ ತಿನ್ನದ ಒಂದು ಪ್ರೊಟೀನು, ಒಂದು ಪಿಷ್ಟ, ಕಡಿಮೆ ಎಂದರೆ ಎಂಟು ವಾರ, ಬೇರೆ ಏನೂ ಇಲ್ಲ. ಗುಂಡನಿಗೆ ಅದು ಮೀನು ಮತ್ತು ಗೆಣಸು ಆಯಿತು. ಹೊನ್ನಾವರ ಕಡೆಯಿಂದ ಬರುವ ಗಾಡಿಯಲ್ಲಿ ಮೀನು ತಂದು, ಬೇಯಿಸಿ, ಮುಳ್ಳು ಬಿಡಿಸಿ, ಬೆಂದ ಗೆಣಸಿನ ಜೊತೆ ಕಲಸಿ ಹಾಕುತ್ತಿದ್ದೆವು. ನೆನಪಿಡಿ, ಇದು ಪರೀಕ್ಷೆಯ ಊಟ. ಜೀವನ ಪೂರ್ತಿ ಇದನ್ನೇ ಹಾಕಿದರೆ ಬೇರೆ ಪೋಷಕಾಂಶ ಸಾಲುವುದಿಲ್ಲ.

ಅಡುಗೆ ಕಷ್ಟವಲ್ಲ, ಕೈ ಕಟ್ಟುವುದು ಕಷ್ಟ. ನಮ್ಮ ಅತ್ತೆಗೆ ಗುಂಡ ಅಂದರೆ ಮೊಮ್ಮಗನ ಹಾಗೆ. ಬೆಳಿಗ್ಗೆ ತುಪ್ಪ ಹಚ್ಚಿದ ದೋಸೆಯ ತುದಿ ಅವನಿಗೆ ಕೊಡದೆ ಅವರು ತಿಂದವರಲ್ಲ. ಪಕ್ಕದ ಮನೆಯ ಮಗು ಗೇಟಿನ ಸಂದಿಯಿಂದ ಬಿಸ್ಕತ್ತು ತೂರಿಸುತ್ತದೆ. ಐದನೇ ವಾರ ಅತ್ತೆ ಕರಗಿದರು, ಒಂದು ತುತ್ತು ಮೊಸರನ್ನ ಹಾಕಿದರು, ಅವರೇ ಬಂದು ಹೇಳಿಯೂ ಬಿಟ್ಟರು. ಮತ್ತೆ ಒಂದನೇ ದಿನದಿಂದ ಲೆಕ್ಕ. ಅದಾದ ಮೇಲೆ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಹಾಕಿ ಕಾವಲು ಕಾದವರು ಅತ್ತೆಯೇ. ಎಂಟು ವಾರ ಮುಗಿದರೂ ತುರಿಕೆಯಲ್ಲಿ ವ್ಯತ್ಯಾಸ ಇರಲಿಲ್ಲ. ಕೋಳಿ ವಾಪಸು ಕೊಟ್ಟೆವು, ಆಗಲೂ ಹೆಚ್ಚಾಗಲಿಲ್ಲ. ಅಂದರೆ ಗುಂಡನಿಗೆ ಊಟದ ಅಲರ್ಜಿ ಇಲ್ಲ. ಎರಡು ವರ್ಷ ನಾವು ಸುಮ್ನೆ ಅವನ ತಟ್ಟೆಯಿಂದ ಒಂದೊಂದೇ ಕಿತ್ತುಕೊಳ್ಳುತ್ತಾ ಬಂದಿದ್ದೆವು.

ಉಳಿದದ್ದು ಗಾಳಿ ಧೂಳು. ಹಾಸಿಗೆಯಲ್ಲಿ ಇರುವ ಕಣ್ಣಿಗೆ ಕಾಣದ ನುಸಿ, ಗೋಡೆಯ ಬೂಷ್ಟು, ಹುಲ್ಲಿನ ಪರಾಗ. ಇದಕ್ಕೆ ಅಟೋಪಿ ಅನ್ನುತ್ತಾರೆ. ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷದ ಒಳಗೆ ಶುರುವಾಗುತ್ತದೆ. ಪಾದ, ಕಿವಿ, ಕಂಕುಳು, ಹೊಟ್ಟೆ, ಮುಖ, ಇವೇ ಅದರ ಜಾಗಗಳು. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಪಗ್, ಜರ್ಮನ್ ಶೆಪರ್ಡ್‌ನಂಥ ಜಾತಿಗಳಲ್ಲಿ ಹೆಚ್ಚು, ತಾಯಿ ತಂದೆಯಿಂದ ಮರಿಗೆ ಬರುತ್ತದೆ. ತುರಿಸಿಕೊಳ್ಳುವ ನಾಯಿಯಿಂದ ಮರಿ ಮಾಡಿಸಿ ಮಾರುವವರು ಇದನ್ನು ದಯವಿಟ್ಟು ಯೋಚಿಸಿ. ಅಟೋಪಿ ಅಂಟುರೋಗವಲ್ಲ, ಮಕ್ಕಳಿಗೆ ಬರುವುದಿಲ್ಲ. ಪೂರ್ತಿ ವಾಸಿಯೂ ಆಗುವುದಿಲ್ಲ. ನಮ್ಮಲ್ಲಿ ಬಿಪಿ ಇದ್ದವರು ಹೇಗೆ ಅದರ ಜೊತೆ ಬದುಕುತ್ತಾರೋ ಹಾಗೆ.

ಈಗ ಗುಂಡನ ದಿನಚರಿ ಹೀಗಿದೆ. ವಾರಕ್ಕೊಮ್ಮೆ ಕ್ಲೋರ್‌ಹೆಕ್ಸಿಡಿನ್ ಇರುವ ಶಾಂಪೂ, ನೊರೆ ಹಚ್ಚಿ ಗಡಿಯಾರ ನೋಡಿ ಹತ್ತು ನಿಮಿಷ ಬಿಟ್ಟು ತಣ್ಣೀರಲ್ಲಿ ತೊಳೆಯುವುದು. ಹಚ್ಚಿದ ತಕ್ಷಣ ತೊಳೆದರೆ ಔಷಧ ಕೆಲಸವನ್ನೇ ಮಾಡಿರುವುದಿಲ್ಲ. ವಾಕಿಂಗ್ ಮುಗಿಸಿ ಬಂದಾಗಲೆಲ್ಲ ಪಾದ ಒರೆಸಿ, ಬೆರಳ ಸಂದಿ ಒಣಗಿಸುವುದು. ನಮ್ಮ ಮಳೆಗೆ ಇದೊಂದು ಮಾಡಿದರೂ ಅರ್ಧ ನೆಮ್ಮದಿ. ಕಾಂಗ್ರೆಸ್ ಗಿಡ ತುಂಬಿದ ಖಾಲಿ ಸೈಟಿನ ಕಡೆ ಕರೆದುಕೊಂಡು ಹೋಗುವುದಿಲ್ಲ, ಅದು ಮನುಷ್ಯರ ಚರ್ಮಕ್ಕೇ ತುರಿ ಎಬ್ಬಿಸುವ ಗಿಡ. ಕಿವಿಗೆ ವೈದ್ಯರು ಕೊಟ್ಟ ದ್ರಾವಣ. ಮೀನೆಣ್ಣೆ, ಅದರ ಗುಣ ಕಾಣಲು ಎರಡು ಮೂರು ತಿಂಗಳು ಬೇಕು. ಮಳೆಗಾಲದ ನಾಲ್ಕು ತಿಂಗಳು ಒಕ್ಲಾಸಿಟಿನಿಬ್ ಎಂಬ ಮಾತ್ರೆ, ಇದು ಸ್ಟೀರಾಯ್ಡ್ ಅಲ್ಲ, ಮೈಯಲ್ಲಿ ತುರಿಯ ಸಂದೇಶವನ್ನು ತಡೆಯುತ್ತದೆ. ಒಂದು ವರ್ಷದೊಳಗಿನ ಮರಿಗೆ ಇದನ್ನು ಕೊಡುವ ಹಾಗಿಲ್ಲ, ಅಂಗಡಿಯಲ್ಲಿ ಕೇಳಿ ತರುವ ಔಷಧವೂ ಅಲ್ಲ. ಆ ತಿಂಗಳುಗಳಲ್ಲಿ ನಮಗೆ ಸುಮಾರು 3,500 ರೂಪಾಯಿ ಖರ್ಚು ಬರುತ್ತದೆ. ಎಲ್ಲರಿಗೂ ಸುಲಭವಲ್ಲ ಅಂತ ಗೊತ್ತು. ಆದರೆ ಆರು ಸೂಜಿ, ಹತ್ತು ಬಗೆಯ ಮುಲಾಮು, ನಾಲ್ಕು ಬ್ರಾಂಡಿನ ಒಣ ಆಹಾರ ಅಂತ ಅದಕ್ಕೆ ಮೊದಲು ನಾವು ಸುರಿದದ್ದು ಇದಕ್ಕಿಂತ ಹೆಚ್ಚು.

ಸಂಪಾದಕರೇ, ಈ ಪತ್ರದ ಮೂಲಕ ಕೇಳಬೇಕಾದ್ದು ಕೆಲವಿದೆ. ಚರ್ಮ ಕೆರೆದು ನೋಡುವ ಪರೀಕ್ಷೆಗೆ ಬೇಕಾದ್ದು ಒಂದು ಬ್ಲೇಡು, ಗಾಜಿನ ಪಟ್ಟಿ, ಒಂದು ಹನಿ ಎಣ್ಣೆ, ಒಂದು ಸೂಕ್ಷ್ಮದರ್ಶಕ. ತಾಲ್ಲೂಕು ಪಶು ಆಸ್ಪತ್ರೆಗಳಲ್ಲಿ ವಾರಕ್ಕೆ ಒಂದು ಮಧ್ಯಾಹ್ನ ನಾಯಿ ಬೆಕ್ಕಿಗೆಂದೇ ಮೀಸಲಿಟ್ಟು, ಈ ಒಂದು ಪರೀಕ್ಷೆ ತಪ್ಪದೆ ಆಗುವ ಹಾಗೆ ಪಶುಸಂಗೋಪನಾ ಇಲಾಖೆ ಮಾಡಲಿ. ಕೊಟ್ಟ ಇಂಜೆಕ್ಷನ್ನಿನ ಹೆಸರನ್ನು ಚೀಟಿಯಲ್ಲಿ ಬರೆದುಕೊಡುವುದು ಕಡ್ಡಾಯವಾಗಲಿ, ಇದಕ್ಕೆ ಇಲಾಖೆಗೆ ಒಂದು ರೂಪಾಯಿ ಖರ್ಚಿಲ್ಲ. ಇನ್ನೊಂದು, ಸಾಕಿದ ಪ್ರಾಣಿಯನ್ನು ಬೀದಿಗೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ಅಪರಾಧ. ಮೊದಲ ಸಲಕ್ಕೆ ದಂಡ ಎಷ್ಟು ಗೊತ್ತಾ? 10 ರೂಪಾಯಿಯಿಂದ 50 ರೂಪಾಯಿ. ಸಾವಿರಾರು ರೂಪಾಯಿ ಕೊಟ್ಟು ತಂದ ಮರಿಯನ್ನು ತುರಿಕೆ ಬಂತೆಂದು ಬಿಟ್ಟು ಹೋಗುವವರಿಗೆ 50 ರೂಪಾಯಿ! ನಮ್ಮ ಸಂಸದರು ಇದನ್ನು ಕೇಳಬೇಕು.

ಬಸ್ ತಂಗುದಾಣದ ನಾಯಿಯ ವಿಷಯ ಹೇಳಿ ಮುಗಿಸುತ್ತೇನೆ. ಅವತ್ತು ಅವಳನ್ನು ಕಂಡಾಗ ಇದು ನಮ್ಮ ಗುಂಡನದ್ದೇ ಕಾಯಿಲೆ ಅಂತ ನಾನು ನಿರ್ಧರಿಸಿಬಿಟ್ಟಿದ್ದೆ. ಮನೆಯವರು ಬಿಸ್ಕತ್ತು ತೋರಿಸಿ ಕರೆತಂದರು. ನನ್ನ ಕಣ್ಣಳತೆ ನಂಬಿದ್ದರೆ ಶಾಂಪೂ, ಮೀನೆಣ್ಣೆ, ಊಟದ ಪರೀಕ್ಷೆ ಅಂತ ತಿಂಗಳುಗಟ್ಟಲೆ ಅವಳನ್ನು ನರಳಿಸುತ್ತಿದ್ದೆ. ಪುಣ್ಯಕ್ಕೆ ಮಾರನೇ ದಿನವೇ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ವೈದ್ಯೆ ಕಿವಿಯ ಅಂಚು ಕೆರೆದು ನೋಡಿ ನನ್ನನ್ನು ಕರೆದು ತೋರಿಸಿದರು. ದುಂಡಗೆ, ಮೋಟು ಕಾಲಿನ ನುಸಿಗಳು. ಅವಳಿಗೆ ಇದ್ದದ್ದು ಅಲರ್ಜಿಯೇ ಅಲ್ಲ, ನಿಜವಾದ ಕಜ್ಜಿ. ಇದು ಬೇರೆ ನಾಯಿಗೆ ಅಂಟುತ್ತದೆ, ಮುಟ್ಟಿದವರಿಗೂ ಕೆಲವು ದಿನ ತುರಿಸುತ್ತದೆ. ನನ್ನ ಮುಂಗೈಗೂ ಬಂದು ಹೋಯಿತು. ಆದರೆ ಪೂರ್ತಿ ವಾಸಿಯಾಗುವ ಕಾಯಿಲೆ! ಜೀವನ ಪೂರ್ತಿ ಔಷಧ ಬೇಕಾದ ಗುಂಡ ಮನೆಯೊಳಗೆ ಮಲಗಿದ್ದಾನೆ, ಕೆಲವೇ ವಾರದಲ್ಲಿ ಗುಣವಾಗುವ ಇವಳನ್ನು ಯಾರೋ ಮಳೆಯಲ್ಲಿ ಬಿಟ್ಟು ಹೋಗಿದ್ದರು.

ಚಿಗಟಕ್ಕೆ ಕೊಡುವ ಅದೇ ಗುಂಪಿನ ಮಾತ್ರೆಯಿಂದಲೇ ನುಸಿಯೂ ಸತ್ತಿತು. ಗುಂಡನಿಗೂ ಜೊತೆಗೇ ಕೊಟ್ಟೆವು, ಇಬ್ಬರನ್ನೂ ಒಂದು ತಿಂಗಳು ಬೇರೆ ಬೇರೆ ಇಟ್ಟಿದ್ದೆವು. ದನಕ್ಕೆ ಕೊಡುವ ಐವರ್‌ಮೆಕ್ಟಿನ್ ಚುಚ್ಚಿಸಿದರೂ ಆಗುತ್ತದೆ ಅಂತ ಯಾರೋ ಹೇಳಿದರು. ವೈದ್ಯರು ಅಳೆದು ಕೊಟ್ಟರೆ ಸರಿ, ನಾವಾಗಿ ಕೊಡುವುದು ಬೇಡ, ಕುರಿ ಕಾಯುವ ‘ಕಾಲಿ’ಯಂಥ ಕೆಲವು ಜಾತಿಯ ನಾಯಿಗಳಿಗೆ ಅದು ಮೆದುಳಿಗೆ ಏರಿ ಪ್ರಾಣಕ್ಕೇ ಕುತ್ತು.

ಈಗ ಅವಳ ಮೊಣಕೈ ಮೇಲೆ ಹೊಸ ಕೂದಲು ಬಂದಿದೆ, ಮೊದಲಿಗಿಂತ ಸ್ವಲ್ಪ ಕಪ್ಪು. ಅತ್ತೆ ಅವಳಿಗೆ ಗೌರಿ ಅಂತ ಹೆಸರಿಟ್ಟಿದ್ದಾರೆ. ಮೊದಲು ಬೇರೆ ಏನೋ ಹೆಸರು ಇದ್ದಿರಬೇಕು, ಗೇಟಿನ ಹತ್ತಿರ ಬೈಕ್ ನಿಂತ ಶಬ್ದವಾದರೆ ಇವತ್ತಿಗೂ ಎದ್ದು ಓಡುತ್ತಾಳೆ. ಬಿಟ್ಟು ಹೋದವರು ಈ ಪತ್ರ ಓದುತ್ತಿದ್ದರೆ, ಬಂದು ಒಮ್ಮೆ ನೋಡಿಕೊಂಡು ಹೋಗಿ. ನಾನು ಬೈಯುವುದಿಲ್ಲ. ಆ ಕೆಂಪು ಬೆಲ್ಟನ್ನು ತೊಳೆದು ಜಗಲಿಯ ಮೊಳೆಗೆ ನೇತು ಹಾಕಿದ್ದೇನೆ.

ಇಂತಿ,
ನಿಮ್ಮ ಓದುಗಳು,
ಸಾಗರ, ಶಿವಮೊಗ್ಗ ಜಿಲ್ಲೆ